ಬ್ಯಾಂಕಾಕ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ಬ್ಯಾಂಕಾಕ್‌ಗೆ ಸುಮಾರು ನಾಲ್ಕು ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿದೆ. ಕೆಳಗಿನ ದರಗಳೆಲ್ಲ ಬಾತ್‌ನಲ್ಲಿವೆ. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಲೆಕ್ಕ ಹಿಡಿದರೆ ಅಂದಾಜು ತಪ್ಪುವುದಿಲ್ಲ. ಟಿಕೆಟ್ ದರಗಳು ಆಗಾಗ ಏರುತ್ತವೆ, ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ.

ವೀಸಾ ಬೇಕಾ? ನಿಲ್ದಾಣದಲ್ಲಿ ಏನು ಕೇಳುತ್ತಾರೆ?

ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗರಿಗೆ 2024ರ ಜುಲೈ 15ರಿಂದ ವೀಸಾ ಇಲ್ಲದೆ 60 ದಿನ ಉಳಿಯಲು ಅವಕಾಶ ಕೊಟ್ಟರು. ಅದಕ್ಕೆ ಮೊದಲು 30 ದಿನ ಇತ್ತು. ಅದಕ್ಕೂ ಹಿಂದೆ ಇಳಿದ ಮೇಲೆ ದುಡ್ಡು ಕಟ್ಟಿ ವೀಸಾ ಪಡೆಯಬೇಕಿತ್ತು. ಹೀಗೆ ಬದಲಾಗುತ್ತಲೇ ಇರುವ ನಿಯಮ ಇದು. ಹೋದ ವರ್ಷ ಹೋಗಿ ಬಂದವರ ಮಾತನ್ನು ನೆಚ್ಚಿಕೊಳ್ಳದೆ, ಟಿಕೆಟ್ ಕೊಳ್ಳುವ ದಿನವೇ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ.

2025ರ ಮೇ 1ರಿಂದ ಎಲ್ಲರೂ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇಳಿಯುವ ದಿನಕ್ಕೆ ಮೂರು ದಿನ ಇರುವಾಗ ತುಂಬಲು ಶುರು ಮಾಡಬಹುದು. ಪಾಸ್‌ಪೋರ್ಟ್ ಸಂಖ್ಯೆ, ವಿಮಾನದ ಸಂಖ್ಯೆ, ಮೊದಲ ರಾತ್ರಿಯ ಹೋಟೆಲ್ ವಿಳಾಸ ಇಷ್ಟಿದ್ದರೆ ಹತ್ತು ನಿಮಿಷದ ಕೆಲಸ. ಇದು ಪೂರ್ತಿ ಉಚಿತ. ಕಾರ್ಡ್‌ಗೆ ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ ಎಂದೇ ತಿಳಿಯಿರಿ. ಹುಡುಕಿದಾಗ ಮೇಲೆ ಬರುವುದು ಹೆಚ್ಚಾಗಿ ಅಂಥವೇ. ಸರ್ಕಾರಿ ತಾಣದ ವಿಳಾಸ 'ಇಮಿಗ್ರೇಷನ್ ಡಾಟ್ ಗೋ ಡಾಟ್ ಟಿಎಚ್' ಎಂದು ಮುಗಿಯುತ್ತದೆ.

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳು ಬಾಳಿಕೆ ಇರಲಿ. ಹಿಂತಿರುಗುವ ಟಿಕೆಟ್, ಹೋಟೆಲ್ ಬುಕಿಂಗ್ ಎರಡನ್ನೂ ಕಾಗದದ ಮೇಲೆ ಮುದ್ರಿಸಿಕೊಳ್ಳಿ. ವ್ಯಕ್ತಿಗೆ 20,000 ಬಾತ್‌ಗೆ ಸಮನಾದ ಹಣ ತೋರಿಸಿ ಎಂದು ಕೇಳುವ ಅಧಿಕಾರ ಅವರಿಗಿದೆ. ಎಲ್ಲರನ್ನೂ ಕೇಳುವುದಿಲ್ಲ, ಆದರೆ ಕೇಳಿದಾಗ ಜೇಬು ಖಾಲಿ ಇದ್ದರೆ ವಾಪಸ್ ಕಳಿಸಬಹುದು.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರುವರಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಬೆಂಗಳೂರಿನವರು ಬಸವಳಿಯುತ್ತಾರೆ. ರಾಯಚೂರು, ಕಲಬುರಗಿಯವರಿಗೂ ಅಲ್ಲಿನ ಬೆವರು ಹೊಸದು, ಏಕೆಂದರೆ ಕಡಲು ಹತ್ತಿರ. ಮಳೆ ಜಾಸ್ತಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬಹುತೇಕ ಸಂಜೆ ಒಂದೆರಡು ಗಂಟೆ ಸುರಿದು ನಿಲ್ಲುತ್ತದೆ, ಅಷ್ಟರಲ್ಲಿ ಕೆಳಮಟ್ಟದ ಬೀದಿಗಳಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ. ಜನವರಿ, ಫೆಬ್ರುವರಿಯಲ್ಲಿ ಹೊಗೆ ಮುಸುಕುವ ದಿನಗಳುಂಟು. ಆಸ್ತಮಾ ಇರುವವರು ಮಾಸ್ಕ್ ಒಯ್ಯಿರಿ.

ಎರಡು ಹಬ್ಬಗಳು ನಮಗೆ ಹತ್ತಿರ. ಏಪ್ರಿಲ್ 13ರಿಂದ 15ರವರೆಗಿನ ಸೋಂಗ್‌ಕ್ರಾನ್ ಎಂದರೆ ನಮ್ಮ ಮೇಷ ಸಂಕ್ರಾಂತಿಯೇ, ಸೌರಮಾನದ ಹೊಸ ವರ್ಷ. ಸಿಲೋಮ್ ರಸ್ತೆಯಲ್ಲೂ ಖಾವೊ ಸಾನ್‌ನಲ್ಲೂ ಮೈಯೆಲ್ಲ ತೋಯುವವರೆಗೆ ನೀರೆರಚುತ್ತಾರೆ. ಫೋನ್‌ಗೆ ನೀರು ಹೋಗದ ಚೀಲ ಕೊಂಡುಕೊಳ್ಳದೆ ಹೊರಗೆ ಕಾಲಿಡಬೇಡಿ. ಲೋಯ್ ಕ್ರಥೋಂಗ್ ಬರುವುದು ಕಾರ್ತಿಕ ಹುಣ್ಣಿಮೆಯ ಸುಮಾರಿಗೆ. ಬಾಳೆದಿಂಡಿನ ಬಿಲ್ಲೆಗೆ ಎಲೆ ಸುತ್ತಿ, ಹೂವು, ಊದುಬತ್ತಿ, ಮೇಣದಬತ್ತಿ ಇಟ್ಟು ನದಿಗೆ ಬಿಡುತ್ತಾರೆ.

ಎಷ್ಟು ದಿನ ಸಾಕು?

ನಾಲ್ಕು ರಾತ್ರಿ. ಆಯುತ್ಥಯ (ಇದು ಅಯೋಧ್ಯೆಯ ಹೆಸರೇ, ಹಳೆಯ ರಾಜಧಾನಿ) ನೋಡಬೇಕೆಂದರೆ ಐದು. ಮೂರು ರಾತ್ರಿಯಲ್ಲಿ ಪಟ್ಟಾಯವನ್ನೂ ತುರುಕುವ ಪ್ಯಾಕೇಜ್‌ಗಳಲ್ಲಿ ನೋಡುವುದು ಬಸ್ಸಿನ ಕಿಟಕಿಯನ್ನೇ.

ಎಲ್ಲಿ ಉಳಿಯಬೇಕು?

ರೈಲು ನಿಲ್ದಾಣದಿಂದ 500 ಮೀಟರ್ ಒಳಗೆ. ಈ ಒಂದು ಷರತ್ತು ಪಾಲಿಸಿದರೆ ಬೇರೆಲ್ಲ ತಪ್ಪುಗಳನ್ನೂ ಊರು ಕ್ಷಮಿಸುತ್ತದೆ.

ಮೊದಲ ಸಲ ಹೋಗುವವರಿಗೆ ಅಸೋಕ್ ಸುತ್ತಮುತ್ತ ಅನುಕೂಲ. ಅಲ್ಲಿ ಬಿಟಿಎಸ್ ಎಂಬ ಮೇಲುರೈಲು ಮತ್ತು ಎಂಆರ್‌ಟಿ ಎಂಬ ಸುರಂಗ ರೈಲು ಎರಡೂ ಕೂಡುತ್ತವೆ. ಹಳೆಯ ಊರಿನ ಸೊಗಸು ಬೇಕೆಂದರೆ ಚೈನಾಟೌನ್‌ನ ವಾಟ್ ಮಂಕೋನ್ ನಿಲ್ದಾಣದ ಬಳಿ ಉಳಿಯಿರಿ. ಖಾವೊ ಸಾನ್ ರಸ್ತೆ ಅಗ್ಗ, ಆದರೆ ರೈಲು ಇಲ್ಲ, ರಾತ್ರಿ ಎರಡರವರೆಗೆ ಸಂಗೀತ ನಿಲ್ಲುವುದಿಲ್ಲ. ಪ್ರತುನಾಮ್‌ನಲ್ಲಿ ಭಾರತೀಯ ಹೋಟೆಲ್‌ಗಳು ಸಾಲಾಗಿವೆ, ಬಟ್ಟೆಯ ಸಗಟು ಮಾರುಕಟ್ಟೆಯೂ ಅಲ್ಲೇ. ಸಂಜೆ ಹೊತ್ತಿನ ಟ್ರಾಫಿಕ್ಕೂ ಅಲ್ಲೇ.

ವಿಳಾಸ ಓದುವಾಗ ಒಂದು ಎಚ್ಚರ. ಸುಖುಮ್ವಿಟ್ ದೊಡ್ಡ ರಸ್ತೆ, ಅದರಿಂದ ಕವಲೊಡೆಯುವ ಓಣಿಗಳಿಗೆ 'ಸೋಯ್' ಎನ್ನುತ್ತಾರೆ. ಬೆಸ ಸಂಖ್ಯೆಯವು ಒಂದು ಬದಿ, ಸಮ ಸಂಖ್ಯೆಯವು ಇನ್ನೊಂದು ಬದಿ. ಆದರೆ ಎರಡು ಬದಿಯ ಎಣಿಕೆ ಜೊತೆಜೊತೆಗೆ ಸಾಗುವುದಿಲ್ಲ. ಸೋಯ್ 55ರ ಎದುರಿಗೆ ಸಿಗುವುದು ಸೋಯ್ 38! ಹೋಟೆಲ್ ಓಣಿಯ ತುದಿಯಲ್ಲಿದ್ದರೆ ಒಂದೂವರೆ ಕಿಲೋಮೀಟರ್ ನಡೆಯಬೇಕಾದೀತು. ಬುಕ್ ಮಾಡುವ ಮುಂಚೆ ನಕ್ಷೆಯಲ್ಲಿ ಅಳೆದು ನೋಡಿ.

ಬೆಂಗಳೂರಿನ ರಾತ್ರಿ ವಿಮಾನಗಳು ಬೆಳಗಿನ ಜಾವ ಇಳಿಯುತ್ತವೆ, ಹೋಟೆಲ್ ಕೋಣೆ ಮಧ್ಯಾಹ್ನ 2ಕ್ಕೆ ಸಿಗುತ್ತದೆ. ಚೀಲ ಅಲ್ಲೇ ಇಟ್ಟು ಹೊರಡಲು ಸಾಮಾನ್ಯವಾಗಿ ಬಿಡುತ್ತಾರೆ. ಮೊದಲ ದಿನಕ್ಕೆ ಅರಮನೆ ಇಟ್ಟುಕೊಳ್ಳಬೇಡಿ, ನಿದ್ದೆಗೆಟ್ಟ ಕಣ್ಣಿಗೆ ಆ ಚಿನ್ನದ ಹೊಳಪು ಹಿಡಿಸುವುದಿಲ್ಲ.

ವಿಮಾನ ನಿಲ್ದಾಣದಿಂದ ಊರೊಳಗೆ ಹೇಗೆ?

ದೊಡ್ಡ ನಿಲ್ದಾಣದ ಹೆಸರು ಸುವರ್ಣಭೂಮಿ. ಬರೆಯುವುದು ಹಾಗೆ, ಅವರು ಹೇಳುವುದು 'ಸುವನ್ನಪೂಮ್'. ಟ್ಯಾಕ್ಸಿಯವನಿಗೆ ನಮ್ಮ ಉಚ್ಚಾರ ಅರ್ಥವಾಗದೆ ಹೋಗಬಹುದು. ಕಡಿಮೆ ದರದ ಎಷ್ಟೋ ವಿಮಾನಗಳು ಡಾನ್ ಮುವಾಂಗ್ ಎಂಬ ಇನ್ನೊಂದು ನಿಲ್ದಾಣಕ್ಕೆ ಬರುತ್ತವೆ. ವಾಪಸಾಗುವಾಗ ಯಾವುದರಿಂದ ಎಂದು ಎರಡು ಸಲ ನೋಡಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆಯೂ ಆಗಬಹುದು.

ಸುವರ್ಣಭೂಮಿಯ ನೆಲಮಾಳಿಗೆಯಿಂದ ಏರ್‌ಪೋರ್ಟ್ ರೈಲ್ ಲಿಂಕ್ ಹೊರಡುತ್ತದೆ. ಕೊನೆಯ ನಿಲ್ದಾಣ ಫಯಾ ಥಾಯ್‌ಗೆ ಅರ್ಧ ಗಂಟೆ, 45 ಬಾತ್. ಅಲ್ಲಿ ಬಿಟಿಎಸ್ ಹತ್ತಬಹುದು. ಅಸೋಕ್ ಕಡೆಗೆ ಹೋಗುವವರು ಮಕ್ಕಸಾನ್‌ನಲ್ಲೇ ಇಳಿದು ಎಂಆರ್‌ಟಿಗೆ ಬದಲಿಸಿದರೆ ಹತ್ತಿರ. ಬೆಳಿಗ್ಗೆ ಐದೂವರೆಯಿಂದ ನಡುರಾತ್ರಿವರೆಗೆ ಓಡುತ್ತದೆ. ಮೂರು ಜನ, ನಾಲ್ಕು ದೊಡ್ಡ ಪೆಟ್ಟಿಗೆ ಇದ್ದರೆ ಟ್ಯಾಕ್ಸಿಯೇ ವಾಸಿ. ಮೊದಲ ಮಹಡಿಯ ಯಂತ್ರದಲ್ಲಿ ಚೀಟಿ ಒತ್ತಿ, ಅದರಲ್ಲಿ ಬರೆದ ಸಂಖ್ಯೆಯ ಗಾಡಿಗೆ ಹೋಗಿ. ಮೀಟರ್‌ನ ಮೇಲೆ ನಿಲ್ದಾಣದ ಶುಲ್ಕ 50 ಬಾತ್, ಜೊತೆಗೆ ಎಕ್ಸ್‌ಪ್ರೆಸ್‌ವೇ ಟೋಲ್ ನೀವೇ ಕೊಡಬೇಕು, ಅದು ಮೋಸವಲ್ಲ. ಆ ಚೀಟಿಯನ್ನು ಚಾಲಕನ ಕೈಗೆ ಕೊಡಬೇಡಿ, ಗಾಡಿಯಲ್ಲಿ ಏನಾದರೂ ಮರೆತರೆ ಪತ್ತೆ ಹಚ್ಚಲು ಅದೊಂದೇ ದಾರಿ.

ಊರೊಳಗೆ ಓಡಾಡುವುದು ಹೇಗೆ? ದಿನಕ್ಕೊಂದು ಕಾರು ಮಾಡಿಕೊಳ್ಳೋಣವೇ?

ಬೇಡ. ಬೆಳಿಗ್ಗೆ 7ರಿಂದ 9, ಸಂಜೆ ನಾಲ್ಕೂವರೆಯಿಂದ ಏಳೂವರೆ, ಬ್ಯಾಂಕಾಕ್ ರಸ್ತೆಗಳು ಸಿಲ್ಕ್ ಬೋರ್ಡ್ ಜಂಕ್ಷನ್‌ನಂತಿರುತ್ತವೆ. ಐದು ಕಿಲೋಮೀಟರ್‌ಗೆ ಮುಕ್ಕಾಲು ಗಂಟೆ. ಅದೇ ಹೊತ್ತಿಗೆ ತಲೆಯ ಮೇಲೆ ರೈಲು ಹತ್ತು ನಿಮಿಷದಲ್ಲಿ ದಾಟಿಹೋಗುತ್ತದೆ. ಹಳಿ ಮತ್ತು ನೀರು, ಈ ಎರಡರ ಮೇಲೆ ದಿನದ ಯೋಜನೆ ಹಾಕಿ. ಉಳಿದ ಕೊನೆಯ ಒಂದು ಕಿಲೋಮೀಟರ್‌ಗೆ ಮಾತ್ರ ರಸ್ತೆ.

ಬಿಟಿಎಸ್ ಮತ್ತು ಎಂಆರ್‌ಟಿ ಬೇರೆ ಬೇರೆ ಸಂಸ್ಥೆಗಳವು, ಟಿಕೆಟ್ಟೂ ಬೇರೆ. ಒಂದರ ಟಿಕೆಟ್ ಇನ್ನೊಂದರಲ್ಲಿ ತೂರಿಸಿ ಗೇಟ್ ತೆರೆಯದೆ ನಿಂತವರನ್ನು ಅಸೋಕ್‌ನಲ್ಲಿ ದಿನವೂ ಕಾಣಬಹುದು. ನಿಲ್ದಾಣ ಒಂದೇ ಕಡೆ ಇದ್ದರೂ ಹೆಸರು ಎರಡು: ಬಿಟಿಎಸ್‌ನ ಅಸೋಕ್ ಎಂಆರ್‌ಟಿಯಲ್ಲಿ ಸುಖುಮ್ವಿಟ್, ಸಾಲಾ ಡೇಂಗ್ ಆಚೆ ಕಡೆ ಸಿಲೋಮ್. ಎಂಆರ್‌ಟಿ ಗೇಟ್‌ಗೆ ವೀಸಾ, ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು, ಆದರೆ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಊರಲ್ಲೇ ಆನ್ ಮಾಡಿಕೊಂಡು ಹೋಗಿ. ಬಿಟಿಎಸ್‌ಗೆ ರ್‍ಯಾಬಿಟ್ ಕಾರ್ಡ್ ಮಾಡಿಸಬಹುದು, ಪಾಸ್‌ಪೋರ್ಟ್ ಕೇಳುತ್ತಾರೆ. ಒಂದು ಸಲದ ಟಿಕೆಟ್ ಸಾಕೆಂದರೆ 17 ಬಾತ್‌ನಿಂದ ಶುರು. ಹಳೆಯ ಯಂತ್ರಗಳು ನಾಣ್ಯ ಮಾತ್ರ ನುಂಗುತ್ತವೆ. ಕೌಂಟರಿನಲ್ಲಿ ನೋಟಿಗೆ ಚಿಲ್ಲರೆ ಕೊಡುತ್ತಾರೆ.

ಚಾವೊ ಫ್ರಾಯ ನದಿಯ ದೋಣಿಗೆ ಬಿಟಿಎಸ್‌ನ ಸಫಾನ್ ಟಾಕ್ಸಿನ್‌ನಲ್ಲಿ ಇಳಿಯಿರಿ, ಕೆಳಗೇ ಸಾಥೋರ್ನ್ ಕಟ್ಟೆ. ಅಲ್ಲಿ ಪ್ರವಾಸಿ ದೋಣಿಗೆ ಕರೆಯುವ ದನಿಯೇ ಜೋರು. ನಿಮಗೆ ಬೇಕಾದದ್ದು ಕಿತ್ತಳೆ ಬಾವುಟದ್ದು, ಎಷ್ಟು ದೂರ ಹೋದರೂ 16 ಬಾತ್. ಊರಿನವರೂ ಅದರಲ್ಲೇ ಓಡಾಡುತ್ತಾರೆ. ಸಂಜೆ ಕತ್ತಲಾಗುವ ಹೊತ್ತಿಗೆ ನಿಂತುಹೋಗುತ್ತದೆ.

ಇನ್ನೊಂದು ದೋಣಿ ಸೇನ್ ಸೇಪ್ ಕಾಲುವೆಯದು. ನೀರು ಕಪ್ಪಗೆ, ವಾಸನೆಯೂ ಉಂಟು, ಆದರೂ ಹಳೆಯ ಊರಿನಿಂದ ಪ್ರತುನಾಮ್‌ಗೆ ಇದಕ್ಕಿಂತ ಬೇಗ ಯಾವುದೂ ಒಯ್ಯುವುದಿಲ್ಲ. ದೋಣಿ ಕಟ್ಟೆಗೆ ತಾಗಿ ಕೆಲವೇ ಕ್ಷಣ ನಿಲ್ಲುತ್ತದೆ. ಹಗ್ಗ ಹಿಡಿದು ಅಂಚಿನ ಮೇಲೆ ಕಾಲಿಟ್ಟು ಒಳಕ್ಕೆ ಇಳಿದುಬಿಡಬೇಕು. ಎದುರಿನ ದೋಣಿ ಬಂದಾಗ ಅಂಚಿನಲ್ಲಿ ಕೂತವರು ಪಕ್ಕದ ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಎತ್ತುತ್ತಾರೆ, ನೀರು ಒಳಗೆ ಎರಚದಿರಲಿ ಎಂದು. ಅಂಚಿನಲ್ಲಿ ಕೂತರೆ ಆ ಕೆಲಸ ನಿಮ್ಮದು. ಹೆಲ್ಮೆಟ್ ಹಾಕಿದ ನಿರ್ವಾಹಕ ದೋಣಿಯ ಹೊರಗಿನ ಅಂಚಿನ ಮೇಲೆ ನಡೆಯುತ್ತಲೇ ಟಿಕೆಟ್ ಹರಿಯುತ್ತಾನೆ. ವಯಸ್ಸಾದವರು, ಮಂಡಿನೋವು ಇರುವವರು ಇದರ ಸಾಹಸಕ್ಕೆ ಹೋಗಬಾರದು.

ಟ್ಯಾಕ್ಸಿ ಮೀಟರ್ 35 ಬಾತ್‌ನಿಂದ ಶುರುವಾಗುತ್ತದೆ. ಮೀಟರ್ ಹಾಕುವುದಿಲ್ಲ ಎಂದರೆ ಇಳಿದು ಮುಂದಿನದನ್ನು ಹಿಡಿಯಿರಿ, ಇಲ್ಲವೇ ಗ್ರ್ಯಾಬ್, ಬೋಲ್ಟ್ ಆ್ಯಪ್ ಬಳಸಿ. ಆ್ಯಪ್‌ಗಳನ್ನು ಭಾರತದಲ್ಲಿದ್ದಾಗಲೇ ನೋಂದಾಯಿಸಿ. ಅಲ್ಲಿ ಹೊಸ ಸಿಮ್ ಹಾಕಿದ ಮೇಲೆ ಒಟಿಪಿ ನಿಮ್ಮ ಹಳೆಯ ಸಂಖ್ಯೆಗೆ ಹೋಗಿ ಕೂರುತ್ತದೆ. ಟುಕ್‌ಟುಕ್‌ನಲ್ಲಿ ಒಂದು ಸಲ ಕೂತರೆ ಸಾಕು. ಅದಕ್ಕೆ ಮೀಟರ್ ಇಲ್ಲ, ಟ್ಯಾಕ್ಸಿಗಿಂತ ದುಬಾರಿ, ಹೊಗೆಯೆಲ್ಲ ಮುಖಕ್ಕೆ.

ಅರಮನೆ, ವಾಟ್ ಪೋ, ವಾಟ್ ಅರುಣ್ ಒಂದೇ ದಿನಕ್ಕೆ ಆಗುತ್ತದೆಯೇ?

ಆಗುತ್ತದೆ, ಬೆಳಿಗ್ಗೆ ಬೇಗ ಹೊರಟರೆ. ಮೂರೂ ನದಿಯ ಒಂದೇ ತಿರುವಿನಲ್ಲಿವೆ ('ವಾಟ್' ಎಂದರೆ ಬೌದ್ಧ ಗುಡಿ).

ಏಳೂವರೆಗೆ ಸಾಥೋರ್ನ್‌ನಲ್ಲಿ ದೋಣಿ ಹತ್ತಿ, ಥಾ ಚಾಂಗ್‌ನಲ್ಲಿ ಇಳಿಯಿರಿ. ಐದಾರು ನಿಮಿಷದ ನಡಿಗೆ. ಅರಮನೆಯ ಬಾಗಿಲು ಎಂಟೂವರೆಗೆ ತೆರೆಯುತ್ತದೆ, ಟಿಕೆಟ್ 500 ಬಾತ್, ಮಧ್ಯಾಹ್ನ ಮೂರೂವರೆಗೆ ಟಿಕೆಟ್ ನಿಲ್ಲುತ್ತದೆ. ಹತ್ತು ಗಂಟೆಗೆ ಬಸ್ಸುಗಟ್ಟಲೆ ಜನ ಬರುತ್ತಾರೆ, ಅಷ್ಟರೊಳಗೆ ಪಚ್ಚೆ ಬುದ್ಧನ ಗುಡಿ ಮುಗಿಸಬೇಕು. ಬರ್ಮುಡಾ, ತೋಳಿಲ್ಲದ ಅಂಗಿ, ಹರಿದ ಜೀನ್ಸ್, ಮೈಗಂಟಿದ ಲೆಗ್ಗಿಂಗ್ಸ್ ಹಾಕಿದವರನ್ನು ಬಾಗಿಲಲ್ಲೇ ತಡೆಯುತ್ತಾರೆ, ಗಂಡಸರನ್ನೂ. ಸೀರೆ, ಚೂಡಿದಾರ್‌ಗೆ ಯಾವ ಅಡ್ಡಿಯೂ ಇಲ್ಲ.

ಹೆಚ್ಚಿನವರು ಪಚ್ಚೆ ಬುದ್ಧನನ್ನು ನೋಡಿ ಹೊರಬಂದುಬಿಡುತ್ತಾರೆ. ನಾವು ಹೇಳುವುದು ಗುಡಿಯನ್ನು ಸುತ್ತುವರಿದ ಮೊಗಸಾಲೆಯ ಗೋಡೆಗಳನ್ನು ನೋಡಿ ಎಂದು. ರಾಮಾಯಣ ಅಲ್ಲಿ 178 ಚಿತ್ರಫಲಕಗಳಲ್ಲಿ ಹರಡಿದೆ. ಕಥೆ ಉತ್ತರದ ಬದಿಯಲ್ಲಿ ಶುರುವಾಗಿ ಪ್ರದಕ್ಷಿಣೆಯಾಗಿ ಸಾಗುತ್ತದೆ. ಅವರ ರಾಮಾಯಣದ ಹೆಸರು ರಾಮಕಿಯೆನ್, ಅಂದರೆ ರಾಮಕೀರ್ತಿ. ರಾವಣ ಅಲ್ಲಿ ತೋತ್ಸಕಾನ್: ದಶಕಂಠ. ಸೀತೆ ಅವನ ಮಗಳೇ. ಹನುಮಂತ ಬಿಳಿಯ ಕಪಿ, ಆದರೆ ಬ್ರಹ್ಮಚಾರಿಯಲ್ಲ. ಸೇತುವೆ ಕಟ್ಟುವಾಗ ಕಲ್ಲುಗಳನ್ನು ಕದ್ದೊಯ್ಯುವ ಸುವರ್ಣಮತ್ಸ್ಯೆ ಎಂಬ ಮೀನುಹೆಣ್ಣಿಗೆ ಮನಸೋಲುತ್ತಾನೆ. ಒಂದು ಫಲಕದ ಮುಂದೆ ಹತ್ತು ನಿಮಿಷ ನಿಂತರೆ ಯುದ್ಧದ ಅಂಚಿನಲ್ಲಿ ಅಡುಗೆ ಮಾಡುವವರು, ಮಗು ಎತ್ತಿಕೊಂಡವರು, ಜೂಜಾಡುವವರು ಎಲ್ಲ ಕಾಣತೊಡಗುತ್ತಾರೆ. ಕಥೆ ಗೊತ್ತಿಲ್ಲದ ಯುರೋಪಿನ ಪ್ರವಾಸಿಗೆ ಇದು ಬರೀ ಗೋಡೆ. ನಮಗೆ ಹಾಗಲ್ಲ. ಟಿಕೆಟ್ ಜೊತೆ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದ ಖೋನ್ ಪ್ರದರ್ಶನವೂ ಸೇರಿರುತ್ತದೆ. ರಾಮಕಿಯೆನ್‌ನ ಮುಖವಾಡದ ನೃತ್ಯ ಅದು. ಹೊತ್ತು ಕೌಂಟರಿನಲ್ಲಿ ಕೇಳಿ.

ಅಲ್ಲಿಂದ ದಕ್ಷಿಣಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ವಾಟ್ ಪೋ, 300 ಬಾತ್. ಮಲಗಿದ ಬುದ್ಧನ ಉದ್ದ 46 ಮೀಟರ್, ಎತ್ತರ 15. ಎಲ್ಲರೂ ಮುಖದ ಕಡೆ ಗುಂಪು ಕಟ್ಟುತ್ತಾರೆ. ಪಾದಗಳ ಬಳಿ ಹೋಗಿ. ಅಂಗಾಲಿನ ತುಂಬ ಮುತ್ತಿನ ಚಿಪ್ಪಿನಲ್ಲಿ 108 ಮಂಗಳ ಚಿಹ್ನೆಗಳನ್ನು ಕೂಡಿಸಿದ್ದಾರೆ, ನಡುವೆ ಚಕ್ರ. ಬೆನ್ನಿನ ಬದಿಯಲ್ಲಿ 108 ಕಂಚಿನ ಬಟ್ಟಲುಗಳ ಸಾಲು. 20 ಬಾತ್‌ಗೆ ಒಂದು ಬೋಗುಣಿ ಚಿಲ್ಲರೆ ಕೊಂಡು, ಒಂದೊಂದಕ್ಕೂ ಒಂದೊಂದು ಹಾಕುತ್ತಾ ನಡೆಯುತ್ತಾರೆ. ಹಜಾರದ ತುಂಬ ಆ ಟಣ್ ಟಣ್ ಸದ್ದೇ. ಥಾಯ್ ಮಸಾಜ್ ಶಾಲೆಯೂ ಈ ಆವರಣದಲ್ಲೇ ಇದೆ, ನಡೆದು ದಣಿದ ಕಾಲಿಗೆ ಅರ್ಧ ಗಂಟೆ ಕೊಡಿ.

ಬಿಸಿಲು ಇಳಿಯುವವರೆಗೆ ಎಲ್ಲಾದರೂ ಎಸಿಯಲ್ಲಿ ಕೂತು, ನಾಲ್ಕರ ಹೊತ್ತಿಗೆ ಥಾ ತಿಯನ್ ಕಟ್ಟೆಯಿಂದ ದೋಣಿ ಹತ್ತಿ ವಾಟ್ ಅರುಣ್‌ಗೆ ದಾಟಿ. ದಾಟಲು ಕೆಲವೇ ಬಾತ್, ಗುಡಿಗೆ 200. ದೂರದಿಂದ ಬೂದು ಕಲ್ಲಿನಂತೆ ಕಾಣುವ ಗೋಪುರ, ಹತ್ತಿರ ಹೋದಾಗ ಪಿಂಗಾಣಿ ಚೂರುಗಳಿಂದ ಮಾಡಿದ ಸಾವಿರಾರು ಹೂಗಳಾಗುತ್ತದೆ. ಮೆಟ್ಟಿಲು ಕಡಿದಾಗಿವೆ, ಇಳಿಯುವಾಗ ಪಕ್ಕದ ಕಂಬಿ ಬಿಡಬೇಡಿ. ಸೂರ್ಯಾಸ್ತಕ್ಕೆ ಈಚೆ ದಡಕ್ಕೇ ವಾಪಸ್ ಬನ್ನಿ. ಸೂರ್ಯ ಗೋಪುರದ ಹಿಂದೆ ಮುಳುಗುವುದು ಇಲ್ಲಿಂದಲೇ ಕಾಣುವುದು.

'ಇವತ್ತು ಅರಮನೆ ರಜಾ' ಎಂದು ಒಬ್ಬರು ಹೇಳಿದರು. ನಿಜವೇ?

ಬಹುತೇಕ ಸುಳ್ಳು. ಹೀಗೆ ಹೇಳುವವರಿಗೆ ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಇಂಗ್ಲಿಷ್, ಕತ್ತಿನಲ್ಲಿ ಗುರುತಿನ ಚೀಟಿ ಎಲ್ಲ ಇರುತ್ತದೆ. 'ಈಗ ಪೂಜೆ, ಮಧ್ಯಾಹ್ನ ತೆರೆಯುತ್ತೆ, ಅಷ್ಟರಲ್ಲಿ 20 ಬಾತ್‌ಗೆ ಟುಕ್‌ಟುಕ್ ಮೂರು ಗುಡಿ ತೋರಿಸುತ್ತೆ' ಎನ್ನುತ್ತಾರೆ. ಆ ದರಕ್ಕೆ ಪೆಟ್ರೋಲ್ ಕೂಡ ಬರುವುದಿಲ್ಲ. ದಾರಿಯಲ್ಲಿ ರತ್ನದ ಅಂಗಡಿ, ಸೂಟು ಹೊಲಿಯುವ ಅಂಗಡಿಗೆ ಇಳಿಸಿ ಕಮಿಷನ್ ಪಡೆಯುವುದೇ ಅವರ ಸಂಪಾದನೆ. ಏನೂ ವಾದಿಸದೆ ನಡೆದು ಟಿಕೆಟ್ ಬಾಗಿಲವರೆಗೆ ಹೋಗಿ ನಿಮ್ಮ ಕಣ್ಣಿಂದಲೇ ನೋಡಿ.

ಅಲ್ಲಿ ಹಿಂದೂ ದೇವಸ್ಥಾನಗಳಿವೆಯೇ?

ಇವೆ. ಸಿಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿದ ಮಹಾ ಮಾರಿಯಮ್ಮನ್ ಗುಡಿ ಇದೆ, ಭಕ್ತರಲ್ಲಿ ಥಾಯ್ ಜನರೇ ಹೆಚ್ಚು. ಚಿತ್ ಲೋಮ್ ನಿಲ್ದಾಣದ ಕೆಳಗೆ ಎರಾವಾನ್ ಕಟ್ಟೆಯಲ್ಲಿ ನಾಲ್ಕು ಮುಖದ ಬ್ರಹ್ಮನಿದ್ದಾನೆ, 1956ರಲ್ಲಿ ಸ್ಥಾಪನೆಯಾದದ್ದು. ನಮ್ಮಲ್ಲಿ ಬ್ರಹ್ಮನಿಗೆ ಗುಡಿಯೇ ಅಪರೂಪ, ಅಲ್ಲಿ ಮಾಲ್‌ಗಳ ನಡುವೆ ದಿನವಿಡೀ ಚೆಂಡುಹೂವಿನ ರಾಶಿ. ಹರಕೆ ತೀರಿಸುವವರು ದುಡ್ಡು ಕೊಟ್ಟು ನರ್ತಕಿಯರಿಂದ ಕುಣಿಸುತ್ತಾರೆ.

ನಾವು ಸಸ್ಯಾಹಾರಿಗಳು. ಮ್ಯಾಗಿ, ಚಪಾತಿ ಕಟ್ಟಿಕೊಂಡೇ ಹೋಗಬೇಕೇ?

ಎರಡು ಪದ ಕಲಿತರೆ ಬೇಡ. ಮೊದಲನೆಯದು 'ಜೇ'. ಚೀನೀ ಬೌದ್ಧ ಪದ್ಧತಿಯ ಶುದ್ಧ ಸಸ್ಯಾಹಾರ ಇದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ಹಾಗಾಗಿ ಮಡಿ ಊಟದವರಿಗೂ ನಡೆಯುತ್ತದೆ. ಗುರುತು ಸುಲಭ: ಹಳದಿ ಬಾವುಟದ ಮೇಲೆ ಕೆಂಪಕ್ಷರ, ನೋಡಲು ಇಂಗ್ಲಿಷ್ ಅಂಕಿಯ 17ರಂತೆ. ಅಂಗಡಿಗಳ ಪ್ಯಾಕೆಟ್ ಮೇಲೂ ಇದೇ ಗುರುತು ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೆ ಬರುವ ಒಂಬತ್ತು ದಿನದ ಜೇ ಹಬ್ಬದಲ್ಲಿ ಚೈನಾಟೌನ್ ಇಡೀ ಈ ಬಾವುಟಗಳಿಂದ ಹಳದಿಯಾಗುತ್ತದೆ. ಸಸ್ಯಾಹಾರಿಗಳಿಗೆ ವರ್ಷದಲ್ಲೇ ಒಳ್ಳೆಯ ಕಾಲ ಅದು.

ಎರಡನೆಯದು 'ಮಂಗ್ಸವಿರತ್'. ಮಾಂಸವಿರತಿ! ಇದರಲ್ಲಿ ಮೊಟ್ಟೆ, ಹಾಲು ಇರಬಹುದು. ಊಟಕ್ಕೂ ಅವರದು 'ಆಹಾನ್', ನಮ್ಮ ಆಹಾರವೇ.

ಎಡವುವುದು ಎಲ್ಲಿ? 'ನೋ ಮೀಟ್' ಎಂದಾಗ. ಅವರು ತಲೆಯಾಡಿಸಿ ಕೋಳಿ ತೆಗೆದಿಡುತ್ತಾರೆ, ಮೀನಿನ ಸಾಸ್ ಸುರಿಯುತ್ತಾರೆ. ಅವರ ಲೆಕ್ಕದಲ್ಲಿ ಅದು ಉಪ್ಪು, ಮಾಂಸವಲ್ಲ. ಮೋಸ ಮಾಡುವ ಉದ್ದೇಶ ಖಂಡಿತ ಇಲ್ಲ. ಬಾಣಲೆಯ ಪಕ್ಕ ನಿಂತು ನೋಡಿ: ಕಂದು ತೆಳು ನೀರಿನ ಬಾಟಲಿ 'ನಾಮ್ ಪ್ಲಾ', ಮೀನಿನ ಸಾಸ್. ಗಟ್ಟಿ ಕಪ್ಪು ದ್ರವ ಹೆಚ್ಚಾಗಿ 'ನಾಮ್ ಮನ್ ಹೋಯ್', ಸಿಂಪಿಯ ಸಾಸ್. ಹರಿವೆಯಂಥ ಸೊಪ್ಪಿನ ಪಲ್ಯಕ್ಕೂ ಅದೇ ಬೀಳುತ್ತದೆ. ಹಸಿರು ಕರಿ, ಕೆಂಪು ಕರಿಯ ಮಸಾಲೆಯಲ್ಲಿ 'ಕಪಿ' ಎಂಬ ಸಿಗಡಿಯ ಮುದ್ದೆ ಅರೆದಿರುತ್ತಾರೆ, ಮೇಲೆ ತರಕಾರಿ ಮಾತ್ರ ಹಾಕಿದರೂ ಅದು ಹೋಗುವುದಿಲ್ಲ. ಪರಂಗಿಕಾಯಿಯ ಸೋಮ್ ತಮ್‌ನಲ್ಲಿ ಒಣಸಿಗಡಿ, ಪಾಡ್ ಥಾಯ್‌ನಲ್ಲಿ ಅದರ ಜೊತೆ ಮೊಟ್ಟೆ, ತಿಳಿಸಾರಿಗೆ ಹಂದಿ ಎಲುಬಿನ ನೀರು. ಆದ್ದರಿಂದ 'ಕಿನ್ ಜೇ' ಎಂದು ಶುರು ಮಾಡಿ, 'ಮೈ ಸೈ ನಾಮ್ ಪ್ಲಾ' (ಮೀನಿನ ಸಾಸ್ ಬೇಡ), 'ಮೈ ಸೈ ಖೈ' (ಮೊಟ್ಟೆ ಬೇಡ) ಎಂದು ಸೇರಿಸಿ. ಉಚ್ಚಾರ ತಪ್ಪಬಹುದು, ಫೋನ್‌ನಲ್ಲಿ ಥಾಯ್ ಲಿಪಿಯಲ್ಲಿ ಉಳಿಸಿಕೊಂಡು ತೋರಿಸುವುದು ಉತ್ತಮ. ಬಾಣಲೆ, ಸಟ್ಟುಗ ಬೇರೆ ಇರಬೇಕು ಎನ್ನುವವರು ಬೀದಿ ಬಿಟ್ಟು ಜೇ ಹೋಟೆಲ್‌ಗೇ ಹೋಗಬೇಕು.

ಬೀದಿಯಲ್ಲಿ ನಿಶ್ಚಿಂತೆಯಿಂದ ತಿನ್ನಬಹುದಾದದ್ದೂ ಬೇಕಾದಷ್ಟಿದೆ. 'ಖನೋಮ್ ಕ್ರೋಕ್' ನೋಡಿದ ಕೂಡಲೇ ನಮ್ಮ ಪಡ್ಡು ನೆನಪಾಗುತ್ತದೆ. ಅದೇ ಗುಳಿಗಳ ಹಂಚು, ಅಕ್ಕಿಹಿಟ್ಟು, ಆದರೆ ಉದ್ದಿನ ಬದಲು ಗಟ್ಟಿ ತೆಂಗಿನಹಾಲು. ತಳ ಗರಿಗರಿ, ನಡುವೆ ಇನ್ನೂ ಹಾಲು ತುಳುಕುತ್ತಿರುತ್ತದೆ, ಮೇಲೆ ಜೋಳವೋ ಈರುಳ್ಳಿ ಸೊಪ್ಪೋ. ಎರಡೆರಡನ್ನು ಕವುಚಿ ಒಂದು ಮಾಡಿ ಕೊಡುತ್ತಾರೆ. ತಕ್ಷಣ ಬಾಯಿಗೆ ಹಾಕಿದರೆ ನಾಲಗೆ ಸುಡುವುದು ಖಂಡಿತ. ಮಾವಿನಹಣ್ಣು, ಅಂಟಕ್ಕಿ, ತೆಂಗಿನಹಾಲಿನ 'ಖಾವೊ ನಿಯಾವ್ ಮಮುವಾಂಗ್' ಏಪ್ರಿಲ್, ಮೇ ತಿಂಗಳಲ್ಲಿ ಅತ್ಯುತ್ತಮ. ಸುಟ್ಟ ಬಾಳೆಹಣ್ಣು, ತೆಂಗಿನ ಐಸ್‌ಕ್ರೀಮ್, ಹೆಚ್ಚಿದ ಸೀಬೆ ಎಲ್ಲೆಲ್ಲೂ ಸಿಗುತ್ತವೆ. ಬಾಳೆಹಣ್ಣಿನ ರೋಟಿಗೆ ಮಾತ್ರ ಮೊಟ್ಟೆ ಬೇಡವೆಂದು ಮೊದಲೇ ಹೇಳಿ.

ಮನೆಯ ರುಚಿಯೇ ಬೇಕೆನಿಸಿದ ದಿನ ಭಾರತೀಯರ ಬಡಾವಣೆಯಾದ ಪಹುರಾತ್‌ಗೆ ಹೋಗಿ. ಅಲ್ಲಿನ ಗುರುದ್ವಾರದಲ್ಲಿ ಬೆಳಗಿನ ಹೊತ್ತು ಲಂಗರ್ (ಉಚಿತ ಊಟ) ಇರುತ್ತದೆ. ಇಡ್ಲಿ, ದೋಸೆಗೆ ಸಿಲೋಮ್ ಸುತ್ತಮುತ್ತ ಹುಡುಕಿ.

ಮಾಂಸಾಹಾರಿಗಳು ಎಲ್ಲಿ, ಏನು ತಿನ್ನಬೇಕು?

ಸಂಜೆ ಆರೂವರೆಗೆ ಚೈನಾಟೌನ್‌ನ ಯಾವರಾತ್ ರಸ್ತೆ, ವಾಟ್ ಮಂಕೋನ್ ನಿಲ್ದಾಣದಿಂದ ನಡೆದೇ ಹೋಗಬಹುದು. ಸೋಮವಾರ ಎಷ್ಟೋ ಗಾಡಿಗಳಿಗೆ ರಜೆ, ಆ ದಿನ ತಪ್ಪಿಸಿ. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳದೆ ನಾಲ್ಕು ಕಡೆ ಹಂಚಿಕೊಂಡು ತಿನ್ನಿ. ಬೆಳಗಿನ ತಿಂಡಿಗೆ 'ಮೂ ಪಿಂಗ್' (ಕಡ್ಡಿಗೆ ಚುಚ್ಚಿ ಸುಟ್ಟ ಹಂದಿ) ಅಂಟಕ್ಕಿಯ ಜೊತೆ. ಮಧ್ಯಾಹ್ನಕ್ಕೆ 'ಖಾವೊ ಮನ್ ಗೈ', ಕೋಳಿಯ ನೀರಲ್ಲೇ ಬೇಯಿಸಿದ ಅನ್ನ. ವಿಕ್ಟರಿ ಮಾನ್ಯುಮೆಂಟ್ ಬಳಿ ದೋಣಿ ನೂಡಲ್ಸ್ ಸಿಗುತ್ತದೆ. ಬಟ್ಟಲು ಚಿಕ್ಕದು, ಒಬ್ಬೊಬ್ಬರು ಐದಾರು ಖಾಲಿ ಮಾಡಿ ಗೋಪುರ ಕಟ್ಟುತ್ತಾರೆ. ಅದರ ಗಾಢ ಬಣ್ಣಕ್ಕೆ ಪ್ರಾಣಿಯ ರಕ್ತ ಕಾರಣ, ಗೊತ್ತಿದ್ದೇ ತಿನ್ನಿ. ಹಂದಿ 'ಮೂ', ದನ 'ನುವಾ', ಕೋಳಿ 'ಗೈ', ಸಿಗಡಿ 'ಕುಂಗ್'. ಯಾವುದನ್ನು ತಿನ್ನುವುದಿಲ್ಲವೋ ಆ ಪದ ನೆನಪಿಟ್ಟುಕೊಳ್ಳಿ.

ಖಾರದ ಬಗ್ಗೆ: ಗುಂಟೂರು ಮೆಣಸಿನಕಾಯಿ ತಿಂದವರಿಗೂ ಅಲ್ಲಿನ ಸೂಜಿಮೆಣಸು ಕಣ್ಣೀರು ತರಿಸುತ್ತದೆ. ಅದು ಎಣ್ಣೆಯಲ್ಲಿ ಬಾಡಿದ್ದಲ್ಲ, ಹಸಿಯಾಗಿ ಜಜ್ಜಿದ್ದು. 'ಫೆಟ್ ನಿತ್ ನೋಯ್', ಸ್ವಲ್ಪ ಖಾರ, ಎಂದೇ ಶುರು ಮಾಡಿ.

ಬೀದಿಯಲ್ಲಿ ಒಂದು ತಟ್ಟೆಗೆ 50ರಿಂದ 80 ಬಾತ್. ಬಿಸಿಲಿಗೆ ಬೇಸತ್ತರೆ ಮಾಲ್‌ಗಳ ಫುಡ್ ಕೋರ್ಟ್‌ಗೆ ಹೋಗಿ. ಅಸೋಕ್‌ನ ಟರ್ಮಿನಲ್ 21ರದ್ದು ಅಗ್ಗ. ಕಾರ್ಡ್‌ಗೆ ದುಡ್ಡು ತುಂಬಿಸಿಕೊಂಡು ತಿನ್ನಬೇಕು, ಉಳಿದದ್ದನ್ನು ಅದೇ ದಿನ ವಾಪಸ್ ಪಡೆಯಿರಿ.

ರಾತ್ರಿ ಎಲ್ಲಿಗೆ? ಕುಟುಂಬದ ಜೊತೆ ಹೋಗಬಹುದೇ?

ರಾತ್ರಿಜೀವನ ಎಂದರೆ ಕೆಂಪು ದೀಪ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಮೂರ್ನಾಲ್ಕು ಓಣಿಗಳ ವಿಷಯ. ಉಳಿದ ಊರು ರಾತ್ರಿ ಹೊರಬರುವುದು ತಿನ್ನಲು, ಹಾಡು ಕೇಳಲು.

ವಿಕ್ಟರಿ ಮಾನ್ಯುಮೆಂಟ್ ಪಕ್ಕದ ಸ್ಯಾಕ್ಸೋಫೋನ್‌ನಲ್ಲಿ 1987ರಿಂದ ಜಾಝ್, ಬ್ಲೂಸ್ ನುಡಿಸುತ್ತಾ ಬಂದಿದ್ದಾರೆ. ರಾಜದಮ್ನೆರ್ನ್ ಕ್ರೀಡಾಂಗಣದ ಮುಯ್ ಥಾಯ್ ಕುಸ್ತಿಯಲ್ಲ, ಕಾಲು, ಮಂಡಿ, ಮೊಣಕೈ ಎಲ್ಲ ಬಳಸುವ ಕಾಳಗ; ಪಂದ್ಯಕ್ಕೆ ಮುಂಚಿನ ಗುರುವಂದನೆಯ ನೃತ್ಯಕ್ಕೆ ತಪ್ಪದೆ ಮೊದಲೇ ಹೋಗಿ ಕೂರಿ. ಯುವಕರ ಬಾರ್‌ಗಳು ಥಾಂಗ್ ಲೋ, ಎಕ್ಕಮೈ ಕಡೆ. ಚೈನಾಟೌನ್‌ನ ಸೋಯ್ ನಾನಾದಲ್ಲಿ ಹಳೆಯ ಅಂಗಡಿಮನೆಗಳೇ ಪುಟ್ಟ ಬಾರ್‌ಗಳಾಗಿವೆ, ಬಹಳ ಚಂದ. ಸುಖುಮ್ವಿಟ್‌ನಲ್ಲೂ ನಾನಾ ಇದೆ, ಅದು ಕೆಂಪು ದೀಪದ್ದು. ಟ್ಯಾಕ್ಸಿಗೆ ಬರೀ 'ನಾನಾ' ಎಂದರೆ ಅಲ್ಲಿಗೇ ಒಯ್ಯುತ್ತಾರೆ.

ಮಾಳಿಗೆಯ ಬಾರ್‌ಗಳಲ್ಲಿ ಒಂದು ಗ್ಲಾಸಿಗೆ 500ರಿಂದ 1,000 ಬಾತ್. ಅದರ ಮೇಲೆ ಶೇ 10 ಸೇವಾಶುಲ್ಕ, ಶೇ 7 ತೆರಿಗೆ. ಮೆನುವಿನಲ್ಲಿ ಎರಡು ಪ್ಲಸ್ ಗುರುತಿದ್ದರೆ ಅದೇ ಅರ್ಥ. ಚಪ್ಪಲಿ, ಬರ್ಮುಡಾ ಹಾಕಿದ ಗಂಡಸರನ್ನು ಲಿಫ್ಟ್ ಬಳಿಯೇ ತಡೆಯುತ್ತಾರೆ. ಮಳೆ ಬಂದರೆ ಹೊರಭಾಗ ಮುಚ್ಚುತ್ತಾರೆ, ಮೋಡ ನೋಡಿಕೊಂಡು ಹೊರಡಿ.

ಕುಡಿಯಲು 20 ವರ್ಷ ತುಂಬಿರಬೇಕು. ಕ್ಲಬ್ ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ. ಅಂಗಡಿಗಳಲ್ಲಿ ಬೆಳಿಗ್ಗೆ 11ಕ್ಕೆ ಮೊದಲು, ರಾತ್ರಿ 12ರ ನಂತರ ಮದ್ಯ ಮಾರುವುದಿಲ್ಲ. ಪರವಾನಗಿ ಇರುವ ಕೆಲವು ಕ್ಲಬ್‌ಗಳು ಬೆಳಗಿನ 4ರವರೆಗೆ ತೆರೆದಿರುತ್ತವೆ, ರೈಲು ಮಾತ್ರ ನಡುರಾತ್ರಿಗೇ ನಿಲ್ಲುತ್ತದೆ.

ಪಟ್‌ಪೋಂಗ್‌ನಲ್ಲಿ ಕಾರ್ಡ್ ಹಿಡಿದು 'ಶೋ, 100 ಬಾತ್' ಎಂದು ಮಹಡಿಗೆ ಕರೆಯುವವರ ಹಿಂದೆ ಹೋಗಬೇಡಿ. ಇಳಿಯುವಾಗ ಬಿಲ್ ಸಾವಿರಗಳಲ್ಲಿ ಇರುತ್ತದೆ, ಬಾಗಿಲಲ್ಲಿ ಧಡಿಯರು ನಿಂತಿರುತ್ತಾರೆ. ಸಿಕ್ಕಿಬಿದ್ದರೆ ಕೈ ಮಿಲಾಯಿಸದೆ 1155ಕ್ಕೆ ಕರೆ ಮಾಡುತ್ತೇನೆ ಎನ್ನಿ. ಅದು ಪ್ರವಾಸಿ ಪೊಲೀಸರ ಸಂಖ್ಯೆ.

ಗಾಂಜಾ ಅಲ್ಲಿ ಕಾನೂನುಬದ್ಧ ಅಂತಾರಲ್ಲ?

2022ರ ಜೂನ್‌ನಲ್ಲಿ ನಿಷೇಧದ ಪಟ್ಟಿಯಿಂದ ತೆಗೆದರು, 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಬೇಕೆಂದು ಮತ್ತೆ ಬಿಗಿ ಮಾಡಿದರು. ಅದಕ್ಕಿಂತ ಮುಖ್ಯವಾದದ್ದು ವಾಪಸಾಗುವ ದಾರಿ. ಬ್ಯಾಂಕಾಕ್‌ನಿಂದ ಬಂದವರ ಚೀಲಗಳಲ್ಲಿ ಕೆಂಪೇಗೌಡ ನಿಲ್ದಾಣದ ಕಸ್ಟಮ್ಸ್‌ನವರು ಹೈಡ್ರೊ ಗಾಂಜಾ (ಮಣ್ಣಿಲ್ಲದೆ ನೀರಲ್ಲಿ ಬೆಳೆಸಿದ್ದು) ಹಿಡಿದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯಡಿ ವರ್ಷಗಟ್ಟಲೆ ಜೈಲು. 'ಟಿಕೆಟ್ ನಮ್ಮದು, ಬರುವಾಗ ಒಂದು ಸೂಟ್‌ಕೇಸ್ ತಂದುಕೊಡಿ' ಎಂಬ ಮಾತಿಗೆ ಮರುಳಾಗಬೇಡಿ. ಬೇರೆಯವರ ಚಾಕೊಲೇಟ್ ಡಬ್ಬವನ್ನೂ ಮುಟ್ಟಬೇಡಿ.

ಇ-ಸಿಗರೇಟ್ ಅಲ್ಲಿ ನಿಷಿದ್ಧ. ದುಡ್ಡು ಕಟ್ಟಿ ಇಸ್ಪೀಟು ಆಡುವುದೂ ಅಪರಾಧ, ಹೋಟೆಲ್ ಕೋಣೆಯೊಳಗೂ. ಅನುಮತಿಯಿಲ್ಲದೆ 120ಕ್ಕಿಂತ ಹೆಚ್ಚು ಎಲೆ ಇಟ್ಟುಕೊಳ್ಳುವಂತಿಲ್ಲ ಎಂಬ 1935ರ ಕಾನೂನು ಕೂಡ ಇದೆ. ಗೆಳೆಯರ ಗುಂಪು ಹೋಗುವವರು ಗಮನಿಸಿ. ರಾಜಮನೆತನದ ಬಗ್ಗೆ ಹಗುರ ಮಾತು ಆಡುವುದಾಗಲಿ, ಫೇಸ್‌ಬುಕ್‌ನಲ್ಲಿ ಬರೆಯುವುದಾಗಲಿ ಬೇಡ, ಅದಕ್ಕೆ ಜೈಲುಶಿಕ್ಷೆ ಇದೆ.

ದುಡ್ಡು ಹೇಗೆ ಒಯ್ಯಬೇಕು?

ನಗದು ಮುಖ್ಯ. ಅಂಗಡಿಗಳ ಮುಂದಿನ ಕ್ಯೂಆರ್ ಥಾಯ್ ಬ್ಯಾಂಕ್ ಖಾತೆಗಳಿಗಾಗಿ ಇರುವ ಪ್ರಾಂಪ್ಟ್‌ಪೇ. ನಮ್ಮ ಯುಪಿಐ ನಂಬಿ ಹೋಗಬೇಡಿ. ಎಟಿಎಂ ವಿದೇಶಿ ಕಾರ್ಡ್‌ಗೆ ಪ್ರತಿ ಸಲ 220 ಬಾತ್ ಅಥವಾ ಹೆಚ್ಚು ಕತ್ತರಿಸುತ್ತದೆ, ಆದ್ದರಿಂದ ಸಣ್ಣ ಸಣ್ಣ ಮೊತ್ತ ತೆಗೆಯುವುದು ನಷ್ಟ. ರೂಪಾಯಿಯಲ್ಲಿ ಲೆಕ್ಕ ತೋರಿಸಲೇ ಎಂದು ಯಂತ್ರ ಕೇಳಿದರೆ ಬೇಡ ಎನ್ನಿ. ಅದರ ವಿನಿಮಯ ದರ ಕೆಟ್ಟದ್ದು. ಡಾಲರ್ ಒಯ್ದರೆ, ಸುವರ್ಣಭೂಮಿಯಲ್ಲಿ ಹೊರಬರುವ ಬಾಗಿಲ ಬಳಿಯ ಬ್ಯಾಂಕ್ ಕೌಂಟರ್ ಬಿಟ್ಟು ನೆಲಮಾಳಿಗೆಯ ರೈಲು ದ್ವಾರದ ಪಕ್ಕದ ಅಂಗಡಿಗಳಲ್ಲಿ ಬದಲಿಸಿ. ದರದ ವ್ಯತ್ಯಾಸ ಫಲಕ ನೋಡಿದರೇ ತಿಳಿಯುತ್ತದೆ. ಮಡಚಿದ, ಗೀಚಿದ ನೋಟು ತೆಗೆದುಕೊಳ್ಳುವುದಿಲ್ಲ.

ತೊಂದರೆಯಾದರೆ ಯಾರಿಗೆ ಹೇಳಬೇಕು?

ಪ್ರವಾಸಿ ಪೊಲೀಸ್ 1155, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಆಂಬುಲೆನ್ಸ್ 1669. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರಿನ ಪ್ರತಿ, ಆಮೇಲೆ ಸುಖುಮ್ವಿಟ್ ಸೋಯ್ 23ರಲ್ಲಿರುವ ಭಾರತದ ರಾಯಭಾರ ಕಚೇರಿ. ಅಸೋಕ್‌ನಿಂದ ನಡೆಯುವಷ್ಟು ಹತ್ತಿರ. ಪಾಸ್‌ಪೋರ್ಟ್‌ನ ಮೊದಲ, ಕೊನೆಯ ಪುಟ ಮತ್ತು ಪ್ರವೇಶದ ಮುದ್ರೆಯ ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್‌ಗೂ ಕಳಿಸಿಡಿ, ಫೋನ್ ಕೂಡ ಜೊತೆಯಲ್ಲೇ ಕಳೆದುಹೋಗಬಹುದು.